ಐಪ್ಟೇಸಿಯಾ ಕೆರೆದು ತಪ್ಪು ಮಾಡಿದೆ, ಈಗ ಟ್ಯಾಂಕ್ ತುಂಬ ಅದೇ. ಸುಣ್ಣ ಹಾಕಬಹುದಾ?

ಸುಂಟಿಕೊಪ್ಪ ರೀಫ್ · ಮೇ 9

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನದು 220 ಲೀಟರಿನ ಉಪ್ಪುನೀರಿನ ಟ್ಯಾಂಕ್, ಕೆಳಗೆ ನೀರು ಸೋಸುವ ಸಂಪ್ ತೊಟ್ಟಿ ಇದೆ. ಶುರು ಮಾಡಿ ಎರಡು ವರ್ಷ ಆಯಿತು. ಹವಳದ ಬಳಗದ ಜೋಆಂಥಿಡ್, ಮಶ್ರೂಮ್, ಒಂದು ಲೆದರ್ ಹವಳ, ಒಂದು ಜೊತೆ ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ ಮೀನು ಇವೆ. ಫೆಬ್ರವರಿಯಲ್ಲಿ ಒಬ್ಬರ ಹತ್ತಿರ ಮಶ್ರೂಮ್ ತುಂಡು ತಂದೆ. ಅದು ಅಂಟಿದ್ದ ಕಲ್ಲಿನ ಅಡಿಯಲ್ಲಿ ಕಂದು ಬಣ್ಣದ್ದೊಂದು ಇತ್ತು. ಥೇಟ್ ಪುಟ್ಟ ತೆಂಗಿನ ಮರ. ಉದ್ದ ಕಾಂಡ, ತುದಿಯಲ್ಲಿ ಗರಿ. ಚೆನ್ನಾಗಿದೆ ಅಂತ ಹಾಗೇ ಬಿಟ್ಟೆ. ಅದು ಐಪ್ಟೇಸಿಯಾ ಅಂತ ಆಮೇಲೆ ಗೊತ್ತಾಯಿತು.

ಏಪ್ರಿಲ್ ಹೊತ್ತಿಗೆ ನಾಲ್ಕಾಯಿತು. ಚಿಮಟಿಗೆಯಲ್ಲಿ ಹಿಡಿಯಲು ಹೋದರೆ ಸರ್ರನೆ ಕಲ್ಲಿನ ತೂತಿನೊಳಗೆ ಹೋಗುತ್ತದೆ. ಕೊನೆಗೆ ಬ್ಲೇಡಿನಿಂದ ಕೆರೆದೆ, ಹಳೇ ಬ್ರಷ್ ಹಾಕಿ ಉಜ್ಜಿದೆ. ಆಗ ಪಂಪ್ ಕೂಡ ಓಡುತ್ತಿತ್ತು. ನಿನ್ನೆ ಎಣಿಸಿದೆ, 37 ಇವೆ. ಪಕ್ಕದ ಜೋಆಂಥಿಡ್ ಹತ್ತು ದಿನದಿಂದ ಬಾಯಿ ಬಿಟ್ಟಿಲ್ಲ.

ತೋಟದ ಶೆಡ್ಡಿನಲ್ಲಿ ಸುಣ್ಣ ಇದೆ. ಸುಣ್ಣದಿಂದ ಸಾಯುತ್ತದೆ ಅಂತ ಕೇಳಿದ್ದೇನೆ. ಹಾಕಬಹುದಾ? ಮಳೆ ಹಿಡಿಯುವ ಮೊದಲು ಇದನ್ನು ಮುಗಿಸಬೇಕು ಅಂತಿದ್ದೇನೆ.


ಮೇಕೇರಿ ಮೇಷ್ಟ್ರು · ಮೇ 9

ಶೆಡ್ಡಿನ ಸುಣ್ಣ ಮಾತ್ರ ಮುಟ್ಟಬೇಡಿ. ಕಾರಣ ಆಮೇಲೆ ಯಾರಾದರೂ ಹೇಳುತ್ತಾರೆ. ಮೊದಲು ಆ ಪ್ರಾಣಿಯ ವಿಷಯ ಹೇಳುತ್ತೇನೆ. ಅದು ಗೊತ್ತಿಲ್ಲದೆ ಯಾವ ಮದ್ದು ಹಾಕಿದರೂ ಹೀಗೇ ಆಗುತ್ತದೆ.

ಐಪ್ಟೇಸಿಯಾ ಗಿಡ ಅಲ್ಲ, ಹವಳದ ಬಳಗದ ಅನಿಮೋನ್ ಅನ್ನುವ ಕಡಲ ಪ್ರಾಣಿ. ಅದರ ಪಾದ ಕಲ್ಲಿಗೆ ಅಂಟಿಕೊಂಡಿರುತ್ತದೆ. ಸರಿದಾಡುವಾಗ ಪಾದದ ಅಂಚಿನಿಂದ ಸಣ್ಣ ಚೂರು ಹಿಂದೆ ಉಳಿಯುತ್ತದೆ. ಆ ಚೂರಿಗೆ ಕೆಲವೇ ದಿನದಲ್ಲಿ ಬಾಯಿ ಬರುತ್ತದೆ, ಕೈ ಬರುತ್ತದೆ, ಹೊಸ ಅನಿಮೋನ್ ಆಗುತ್ತದೆ. ನೀವು ಬ್ಲೇಡಿನಲ್ಲಿ ಮಾಡಿದ್ದೂ ಇದೇ ಕೆಲಸ. ಮರಗೆಣಸಿನ ಕಾಂಡ ಕತ್ತರಿಸಿ ನೆಟ್ಟ ಹಾಗೆ. ಅದರ ಮೇಲೆ ಪಂಪ್ ಆ ಚೂರುಗಳನ್ನು ಟ್ಯಾಂಕ್ ಪೂರ್ತಿ ಬಿತ್ತಿತು.

ಇನ್ನೊಂದು ಸಂಗತಿ. ಹವಳದ ಹಾಗೇ ಇದರ ಮೈಯೊಳಗೂ ಪಾಚಿಯ ಕಣಗಳಿವೆ. ಬೆಳಕಿದ್ದರೆ ಆ ಪಾಚಿ ಇದಕ್ಕೆ ಊಟ ಮಾಡಿಕೊಡುತ್ತದೆ. ಬೆಳಕಿಲ್ಲದಿದ್ದರೆ ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತದೆ. ಹಾಗಾಗಿ ಕತ್ತಲೆ ಸಂಪಿನಲ್ಲೂ ಬದುಕುತ್ತದೆ. ಹವಳ ಮತ್ತು ಪಾಚಿ ಹೇಗೆ ಕೂಡಿ ಬಾಳುತ್ತವೆ ಅಂತ ತಿಳಿಯಲು ವಿಜ್ಞಾನಿಗಳು ಲ್ಯಾಬಿನಲ್ಲಿ ಸಾಕುವುದು ಇದನ್ನೇ. 2015ರಲ್ಲಿ ಇದರ ಜೀನೋಮ್ (ಪೂರ್ತಿ ವಂಶವಾಹಿ ನಕ್ಷೆ) ಕೂಡ ಪ್ರಕಟವಾಯಿತು. ಅವರಿಗೆ ಇದು ಬೇಕಾಗಿದ್ದು ಸುಲಭವಾಗಿ ಸಾಯುವುದಿಲ್ಲ, ಬೇಗ ಹೆಚ್ಚುತ್ತದೆ ಅನ್ನುವ ಗುಣಕ್ಕೆ. ಅದೇ ಗುಣ ನಮಗೆ ಕಷ್ಟ ಕೊಡುತ್ತಿದೆ.

ಕೆಣಕಿದರೆ ಮೈಯ ತೂತುಗಳಿಂದ ಬಿಳಿ ದಾರದಂಥದ್ದನ್ನು ಹೊರಗೆ ಬಿಡುತ್ತದೆ, ಗಮನಿಸಿದ್ದೀರಾ? ಅದರ ತುಂಬ ಕುಟುಕುವ ಕಣಗಳಿವೆ. ಜೋಆಂಥಿಡ್ ಮುಚ್ಚಿಕೊಂಡಿರುವುದು ಆ ಕುಟುಕಿಗೇ.


ಕುಶಾಲನಗರದ ಹುಡುಗ · ಮೇ 9

ಅಣ್ಣ, ಸುಣ್ಣ ಗಿಣ್ಣ ಬಿಡಿ. ಪೆಪ್ಪರ್‌ಮಿಂಟ್ ಸಿಗಡಿ ತನ್ನಿ. 220 ಲೀಟರಿಗೆ ಐದು ಸಾಕು. ನನ್ನ ಟ್ಯಾಂಕಿನಲ್ಲಿ ಎರಡು ತಿಂಗಳಲ್ಲಿ ಸಣ್ಣವನ್ನೆಲ್ಲ ತಿಂದು ಮುಗಿಸಿದವು. ಹಗಲು ಕಾಣುವುದಿಲ್ಲ. ರಾತ್ರಿ ಲೈಟ್ ಆರಿದ ಮೇಲೆ ಹೊರಗೆ ಬರುತ್ತವೆ.

ತರುವಾಗ ಒಂದು ಎಚ್ಚರ. ಕ್ಯಾಮಲ್ ಸಿಗಡಿಯನ್ನು ಪೆಪ್ಪರ್‌ಮಿಂಟ್ ಅಂತ ಕೊಟ್ಟುಬಿಡುತ್ತಾರೆ. ನನಗೆ ಮೊದಲ ಸಲ ಹಾಗೇ ಆಯಿತು. ಅಂಗಡಿಯವರಿಗೂ ಗೊತ್ತಿರಲಿಲ್ಲವೋ ಏನೋ. ಕ್ಯಾಮಲ್ ಸಿಗಡಿಗೆ ಬೆನ್ನು ಗೂನು. ಮೈಮೇಲೆ ಕೆಂಪು ಬಿಳಿ ಪಟ್ಟೆ ದಪ್ಪಗೆ, ಎದ್ದು ಕಾಣುವ ಹಾಗೆ ಇರುತ್ತದೆ. ಕಣ್ಣು ದೊಡ್ಡದು. ಅದು ನಿಮ್ಮ ಮಶ್ರೂಮ್, ಜೋಆಂಥಿಡ್‌ಗಳನ್ನೇ ಕೀಳುತ್ತದೆ. ಪೆಪ್ಪರ್‌ಮಿಂಟ್ ಮೈ ಅರ್ಧ ಪಾರದರ್ಶಕ, ಉದ್ದಕ್ಕೆ ತೆಳುವಾದ ಕೆಂಪು ಗೆರೆ. ಚೀಲವನ್ನು ಬೆಳಕಿಗೆ ಹಿಡಿದು ನೋಡಿಯೇ ದುಡ್ಡು ಕೊಡಿ.


ಗೋಣಿಕೊಪ್ಪ ಅಕ್ಕ · ಮೇ 10

ಸಿಗಡಿ ಒಳ್ಳೆಯದೇ. ಆದರೆ ಅದನ್ನೊಂದೇ ನಂಬಬೇಡಿ. ನನ್ನ ನಾಲ್ಕರಲ್ಲಿ ಎರಡು ಐಪ್ಟೇಸಿಯಾ ಕಡೆ ತಿರುಗಿಯೂ ನೋಡಲಿಲ್ಲ. ಮೀನಿಗೆ ಹಾಕಿದ ಊಟ ತಿಂದು ಆರಾಮವಾಗಿದ್ದವು. ಊಟ ಕಮ್ಮಿ ಮಾಡಿದ ಮೇಲೆ ಕೆಲಸ ಶುರು ಮಾಡಿದವು. ಸಣ್ಣದನ್ನು ತಿನ್ನುತ್ತವೆ, ದೊಡ್ಡದಕ್ಕೆ ಹೆದರುತ್ತವೆ. ದೊಡ್ಡದನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕೆ ಸುಣ್ಣವೇ ಸರಿ.

ನಾನು ಮಾಡುವ ಕ್ರಮ ಹೇಳುತ್ತೇನೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ಮೈಸೂರಿನ ಕೆಮಿಕಲ್ ಅಂಗಡಿಯಿಂದ ಲ್ಯಾಬ್ ದರ್ಜೆಯದ್ದು ತರಿಸಿದೆ. ಅಕ್ವೇರಿಯಂನವರು ಕಲ್ಕ್‌ವಾಸರ್ ಅನ್ನುವುದು ಇದನ್ನೇ. ಎಲೆಯಡಿಕೆ ಸುಣ್ಣವೂ ಮೂಲದಲ್ಲಿ ಇದೇ, ಆದರೆ ಅದರಲ್ಲಿ ಇನ್ನೇನು ಬೆರೆತಿದೆ ಅಂತ ಹೇಳಲಾಗುವುದಿಲ್ಲ. ಗೋಡೆಗೆ ಬಳಿಯುವ ಸುಣ್ಣವಂತೂ ಬೇಡವೇ ಬೇಡ. ನೀಲಿ, ಅಂಟು ಎಲ್ಲ ಹಾಕಿರುತ್ತಾರೆ.

ಒಂದು ಚಮಚ ಪುಡಿಗೆ ಆರ್‌ಒ ನೀರನ್ನು ಹನಿ ಹನಿಯಾಗಿ ಬಿಟ್ಟು ಕಲಸಿ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ತೀರಾ ನೀರಾದರೆ ಟ್ಯಾಂಕ್ ಪೂರ್ತಿ ಹರಡಿ ಹಾಲಿನ ಹಾಗೆ ಆಗುತ್ತದೆ. ಇನ್ಸುಲಿನ್ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ದಪ್ಪ ಸೂಜಿ ಬೇಕು. ಪಂಪ್, ಪವರ್‌ಹೆಡ್ ಎಲ್ಲ ಆಫ್ ಮಾಡಿ. ನೀರು ನಿಂತ ಮೇಲೆ ಸೂಜಿಯನ್ನು ಪಕ್ಕದಿಂದ ನಿಧಾನ ತನ್ನಿ. ಮೇಲಿಂದ ತಂದರೆ ನೆರಳು ಬಿದ್ದು ಒಳಗೆ ಹೋಗುತ್ತದೆ. ಮುಟ್ಟಬೇಡಿ. ಬಾಯಿಯ ನೇರಕ್ಕೆ ಒಂದು ತೊಟ್ಟು ಬಿಡಿ. ಊಟ ಬಂತು ಅಂತ ಕೈಗಳನ್ನು ಒಳಗೆ ಮಡಚಿಕೊಳ್ಳುತ್ತದೆ. ಆ ಹೊತ್ತಿಗೆ ಇನ್ನೊಂದು ತೊಟ್ಟು ಬಿಟ್ಟು ಅದನ್ನು ಪೂರ್ತಿ ಮುಚ್ಚಿಬಿಡಿ. ಹದಿನೈದು ನಿಮಿಷ ಏನನ್ನೂ ಆನ್ ಮಾಡಬೇಡಿ. ಆಮೇಲೆ ಉಳಿದ ಬಿಳಿ ಹಿಟ್ಟನ್ನು ಸಣ್ಣ ಪೈಪಿನಲ್ಲಿ ಎಳೆದುಕೊಳ್ಳಿ.

ಒಂದು ದಿನಕ್ಕೆ ನಾಲ್ಕೈದು ಮಾತ್ರ. ಇದು ಮುಖ್ಯ. ಸುಣ್ಣದ ತಿಳಿನೀರಿನ ಪಿಎಚ್ 12.4ರ ಹತ್ತಿರ ಇರುತ್ತದೆ. ಟ್ಯಾಂಕಿನದು 8.1ರಿಂದ 8.4ರ ಒಳಗಿರಬೇಕು. 37ಕ್ಕೂ ಒಂದೇ ದಿನ ಹಾಕಿದರೆ ಮೀನಿಗೂ ಸಿಗಡಿಗೂ ಕಷ್ಟ. ಹಾಕಿದ ಅರ್ಧ ಗಂಟೆಗೆ ಪಿಎಚ್ ನೋಡಿ, 8.5 ದಾಟಿದ್ದರೆ ಎರಡು ದಿನ ಬಿಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಸುಣ್ಣ ಚರ್ಮ ಸುಡುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ಮತ್ತೆ ಡಬ್ಬಿ ಭದ್ರವಾಗಿ ಮುಚ್ಚಿಡಿ. ಗಾಳಿ ತಾಗಿದರೆ ಸುಣ್ಣ ನಿಧಾನವಾಗಿ ಸೀಮೆಸುಣ್ಣ ಆಗಿಬಿಡುತ್ತದೆ, ಖಾರ ಹೋಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಬಿಚ್ಚಿಟ್ಟ ಪ್ಯಾಕೆಟ್ ಕೆಲಸಕ್ಕೇ ಬರುವುದಿಲ್ಲ. ಹೋದ ವರ್ಷ ಜುಲೈಯಲ್ಲಿ ಹಳೇ ಪುಡಿ ಹಾಕಿ, ಯಾಕೆ ಸಾಯುತ್ತಿಲ್ಲ ಅಂತ ಎರಡು ವಾರ ತಲೆ ಕೆಡಿಸಿಕೊಂಡಿದ್ದೆ.


ಸೋಮವಾರಪೇಟೆ ತೋಟ · ಮೇ 10

ಒಂದು ಪ್ರಶ್ನೆ. ಸುಣ್ಣದಿಂದ ಸಾಯುವುದಾದರೆ ತಾಮ್ರದ ಮೈಲುತುತ್ತ ಹಾಕಿದರೆ ಇನ್ನೂ ಬೇಗ ಅಲ್ವಾ? ಮೀನಿನ ರೋಗಕ್ಕೆ ತಾಮ್ರ ಹಾಕುತ್ತಾರೆ ಅಂತ ಓದಿದ ನೆನಪು.


ಮೇಕೇರಿ ಮೇಷ್ಟ್ರು · ಮೇ 10

ದಯವಿಟ್ಟು ಹಾಕಬೇಡಿ. ಮೀನಿಗೆ ತಾಮ್ರ ಕೊಡುವುದು ಬೇರೆ ಟ್ಯಾಂಕಿನಲ್ಲಿ, ಅಳತೆ ಮಾಡಿ. ಕಲ್ಲು, ಹವಳ, ಸಿಗಡಿ, ಬಸವನಹುಳ ಇರುವ ಟ್ಯಾಂಕಿಗೆ ಅದು ವಿಷ. ಐಪ್ಟೇಸಿಯಾ ಸಾಯಬಹುದು, ಅದರ ಜೊತೆ ಬೆನ್ನುಮೂಳೆ ಇಲ್ಲದ ಬೇರೆ ಜೀವಗಳೂ ಸಾಯುತ್ತವೆ. ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತಲೇ ಇರುತ್ತವೆ. ಆ ಕಲ್ಲನ್ನು ಮತ್ತೆ ನಂಬುವ ಹಾಗಿಲ್ಲ.

ಶೆಡ್ಡಿನ ಸುಣ್ಣ ಬೇಡ ಅಂದದ್ದೂ ಇದಕ್ಕೇ. ನಮ್ಮ ತೋಟಗಳಲ್ಲಿ ಸುಣ್ಣ ಇರುವುದು ಯಾತಕ್ಕೆ? ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲಿಕ್ಕೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡೂ ಚೀಲ ಒಂದೇ ಮೂಲೆಯಲ್ಲಿ, ಅದೇ ಬಕೆಟ್, ಅದೇ ಕೋಲು. ಕಣ್ಣಿಗೆ ಬಿಳಿಯಾಗಿ ಕಂಡರೂ ಅದರಲ್ಲಿ ತಾಮ್ರ ಇಲ್ಲ ಅಂತ ಹೇಳಲು ಆಗುವುದಿಲ್ಲ.


ಸೋಮವಾರಪೇಟೆ ತೋಟ · ಮೇ 11

ಥ್ಯಾಂಕ್ಸ್ ಮೇಷ್ಟ್ರೇ. ಈಗ ಒಂದು ಹಳೇ ಸಂಗತಿ ಅರ್ಥ ಆಯಿತು. ಹೋದ ವರ್ಷ ಮಳೆಗೆ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಸಿ ಬಂದೆ. ಕೈ ಸುಮ್ನೆ ನೀರಿನಲ್ಲಿ ತೊಳೆದು, ಟ್ಯಾಂಕಿನಲ್ಲಿ ಬಿದ್ದಿದ್ದ ಕಲ್ಲೊಂದನ್ನು ಎತ್ತಿಟ್ಟೆ. ಅಂಗಿ ತೋಳಿನ ಮೇಲೆ ನೀಲಿ ಕಲೆ ಹಾಗೇ ಇತ್ತು. ಮರುದಿನ ಬೆಳಿಗ್ಗೆ ಕ್ಲೀನರ್ ಸಿಗಡಿ ಎರಡೂ ಮಲಗಿದ್ದವು. ಬಸವನಹುಳ ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿದ್ದವು. ಮೀನು ಆರಾಮವಾಗಿತ್ತು. ಕಾರಣ ಏನು ಅಂತ ವರ್ಷ ಪೂರ್ತಿ ಹುಡುಕಿದೆ.

ತೋಟದವರು ಯಾರೇ ಓದುತ್ತಿದ್ದರೂ ನೆನಪಿಡಿ. ಸ್ಪ್ರೇ ನಡೆಯುವ ವಾರ ಟ್ಯಾಂಕಿಗೆ ಕೈ ಹಾಕಬೇಡಿ, ಮನೆಯ ಬೇರೆಯವರಿಗೆ ಹೇಳಿ. ಮಾಡಿನ ಮಳೆನೀರು ಹಿಡಿದು ಉಪ್ಪು ಕಲಸುವವರು ಆಗ ನಿಲ್ಲಿಸಿ. ಗಾಳಿಗೆ ಮಾಡಿನ ಮೇಲೂ ಬೀಳುತ್ತದೆ.


ವಿರಾಜಪೇಟೆ ಉಪ್ಪುನೀರು · ಮೇ 12

ನನ್ನದು ಸ್ವಲ್ಪ ಬೇರೆ ಥರ ಇದೆ. ಕಾಂಡ ಗಿಡ್ಡ, ದಪ್ಪ. ಕೈಯ ತುದಿ ಗುಂಡಗೆ ಊದಿಕೊಂಡಿದೆ. ಹಸಿರು ಹೊಳಪು. ಬಬಲ್ ಟಿಪ್ ಅನಿಮೋನ್‌ನ ಮರಿ ಅಂತ ಖುಷಿಯಲ್ಲಿದ್ದೆ. ಈಗ ಇಪ್ಪತ್ತು ಇವೆ. ಸಿಗಡಿ ಮುಟ್ಟುತ್ತಿಲ್ಲ.


ಗೋಣಿಕೊಪ್ಪ ಅಕ್ಕ · ಮೇ 12

ಅದು ಮಜಾನೋ, ಐಪ್ಟೇಸಿಯಾದ ಹಾಗೇ ಕಾಟ ಕೊಡುವ ಇನ್ನೊಂದು ಅನಿಮೋನ್. ಸಿಗಡಿ ಸಾಮಾನ್ಯವಾಗಿ ಅದನ್ನು ತಿನ್ನುವುದಿಲ್ಲ. ಸುಣ್ಣ ಕೆಲಸ ಮಾಡುತ್ತದೆ, ಆದರೆ ಎರಡು ಮೂರು ಸಲ ಹಾಕಬೇಕು. ಚಿಕ್ಕ ಕಲ್ಲಿನ ಮೇಲಿದ್ದರೆ ಕಲ್ಲನ್ನೇ ಹೊರಗೆ ತೆಗೆಯಿರಿ. ಅದು ಅಂಟಿರುವ ಜಾಗವನ್ನು ಸ್ವಲ್ಪ ಕಲ್ಲಿನ ಸಮೇತ ಉಳಿಯಿಂದ ಎಬ್ಬಿಸಿ. ಪಾದಕ್ಕೆ ಗಾಯ ಆಗದ ಹಾಗೆ ಕಲ್ಲಿನ ಚೂರೂ ಸೇರಿ ಬರಬೇಕು. ಟ್ಯಾಂಕಿನ ಒಳಗೆ ಮಾತ್ರ ಈ ಕೆಲಸ ಬೇಡ.


ಕುಶಾಲನಗರದ ಹುಡುಗ · ಮೇ 12

ಕಲ್ಲು ಹೊರಗೆ ತೆಗೆದು ಕುದಿಯುವ ನೀರು ಸುರಿದರೆ ಮುಗೀತಲ್ಲ?


ಮೇಕೇರಿ ಮೇಷ್ಟ್ರು · ಮೇ 12

ಮಗಾ, ಈ ಮಾತು ಎಲ್ಲರೂ ಗಮನಿಸಿ. ಜೋಆಂಥಿಡ್ ಅಥವಾ ಅದೇ ಬಳಗದ ಪ್ಯಾಲಿಥೋವಾ ಇರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಅನ್ನುವ ವಿಷ ಇದೆ. ಪ್ರಪಂಚದಲ್ಲಿ ಗೊತ್ತಿರುವ ಅತಿ ಘೋರ ವಿಷಗಳಲ್ಲಿ ಅದೂ ಒಂದು. ಕಲ್ಲು ಕುದಿಸಿದ ಹಬೆ ಕುಡಿದು ಮನೆಮಂದಿ ಎಲ್ಲ ಆಸ್ಪತ್ರೆ ಸೇರಿದ್ದು ಬೇರೆ ದೇಶಗಳಲ್ಲಿ ನಡೆದಿದೆ. ಬರಿಗೈಯಲ್ಲಿ ಉಜ್ಜುವುದೂ ಬೇಡ, ಕೈಯಲ್ಲಿ ಗಾಯ ಇದ್ದರೆ ಇನ್ನೂ ಅಪಾಯ. ಸುಂಟಿಕೊಪ್ಪದವರೇ, ನೀವು ಬ್ರಷ್ ಹಾಕಿದಾಗ ಕಣ್ಣಿಗೆ ನೀರು ಹಾರಲಿಲ್ಲವಲ್ಲ?

ಯಾರೋ ಲೇಸರ್ ಬಗ್ಗೆ ಕೇಳಿ ಮೆಸೇಜ್ ಮಾಡಿದ್ದರು. ಅದರಿಂದ ಸಾಯುತ್ತದೆ, ನಿಜ. ಆದರೆ ಗಾಜಿನಿಂದ ವಾಪಸ್ ಬಂದ ಬೆಳಕು ಕ್ಷಣದಲ್ಲಿ ಕಣ್ಣು ತೆಗೆಯುತ್ತದೆ. ಮನೆಯಲ್ಲಿ ಮಕ್ಕಳಿರುವವರು ಆ ಯೋಚನೆ ಬಿಡಿ.


ಸುಂಟಿಕೊಪ್ಪ ರೀಫ್ · ಮೇ 13

ಇಲ್ಲ ಮೇಷ್ಟ್ರೇ, ಏನೂ ಆಗಲಿಲ್ಲ. ಈಗ ಗ್ಲೌಸ್ ತಂದಿದ್ದೇನೆ. ಅಕ್ಕ ಹೇಳಿದ ಸುಣ್ಣಕ್ಕೆ ಮೈಸೂರಿಗೆ ಹೇಳಿದ್ದೇನೆ.

ಬರ್ಗಿಯಾ ಅನ್ನುವ ಕಡಲ ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳದಂಥದ್ದು) ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲವಂತೆ. ಯಾರಾದರೂ ಸಾಕಿದ್ದೀರಾ?


ಮೇಕೇರಿ ಮೇಷ್ಟ್ರು · ಮೇ 13

ನನ್ನ ಹತ್ತಿರ ಒಂದಷ್ಟು ದಿನ ಇದ್ದವು. ನೋಡಿದ್ದು ಹೇಳುತ್ತೇನೆ. ನನ್ನವು ಅರ್ಧ ಇಂಚು ಉದ್ದ ಇದ್ದವು. ಬೆನ್ನಿನ ಮೇಲೆ ಬೆರಳಿನಂಥ ಕುಚ್ಚುಗಳು. ರಾತ್ರಿ ಕೆಂಪು ಬೆಳಕು ಹಿಡಿದರೆ ಕಾಣುತ್ತಿತ್ತು. ಐಪ್ಟೇಸಿಯಾದ ಕಾಂಡವನ್ನು ಪಕ್ಕದಿಂದ ಮೂತಿಯಲ್ಲಿ ಮುಟ್ಟುತ್ತದೆ, ಸ್ವಲ್ಪ ಹಿಂದೆ ಸರಿಯುತ್ತದೆ, ಮತ್ತೆ ಮುಟ್ಟುತ್ತದೆ. ಆಮೇಲೆ ತಿನ್ನಲು ಶುರು. ಕುಟುಕುವ ಕಣಗಳನ್ನು ಜೀರ್ಣ ಮಾಡದೆ ತನ್ನ ಬೆನ್ನಿನ ಕುಚ್ಚಿನ ತುದಿಗೆ ಸಾಗಿಸಿ, ತನ್ನ ರಕ್ಷಣೆಗೆ ಇಟ್ಟುಕೊಳ್ಳುತ್ತದೆ. ಕಲ್ಲಿನ ಮೇಲೆ ಬಿಳಿ ದಾರವನ್ನು ಸುರುಳಿ ಸುತ್ತಿದ ಹಾಗೆ ಮೊಟ್ಟೆ ಇಡುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ನಿಮಗೆ ಬೇಡ. ನಿಮ್ಮ ಸಿಕ್ಸ್‌ಲೈನ್ ರಾಸ್ ಅದನ್ನು ಮೊದಲ ದಿನವೇ ತಿಂದುಬಿಡುತ್ತದೆ. ಸಿಗಡಿಯೂ ಬಿಡುವುದಿಲ್ಲ. ಸಿಗಡಿ, ಬರ್ಗಿಯಾ ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಇನ್ನೊಂದು ಬೇಸರದ ಸಂಗತಿ ಇದೆ. ಐಪ್ಟೇಸಿಯಾ ಮುಗಿದ ದಿನದಿಂದ ಬರ್ಗಿಯಾಗೆ ಉಪವಾಸ. ಮುಗಿಯುವ ಮೊದಲೇ ಹಿಡಿದು ಬೇಕಾದವರಿಗೆ ಕೊಡಬೇಕು. ನಾನು ತಡ ಮಾಡಿದೆ.

ಮೀನಿನ ವಿಷಯಕ್ಕೆ ಬಂದರೆ, ಕಾಪರ್‌ಬ್ಯಾಂಡ್ ಬಟರ್‌ಫ್ಲೈ ತಿನ್ನುತ್ತದೆ. ಆದರೆ 220 ಲೀಟರ್ ಅದಕ್ಕೆ ಚಿಕ್ಕದು, ಎಷ್ಟೋ ಮೀನು ಬೇರೆ ಊಟ ಮುಟ್ಟದೆ ಸೊರಗಿ ಸಾಯುತ್ತವೆ. ಇಂಥ ಒಂದು ಕೆಲಸಕ್ಕೆ ಅಂತ ಅದನ್ನು ತರಬಾರದು.


ವಿರಾಜಪೇಟೆ ಉಪ್ಪುನೀರು · ಮೇ 14

ಮುಂದಿನ ವಾರ ಮುರುಡೇಶ್ವರಕ್ಕೆ ಹೋಗುತ್ತಿದ್ದೇವೆ. ಹಳೇ ಕಲ್ಲು ಎಸೆದು, ಅಲ್ಲಿಂದ ಹೊಸ ಹವಳದ ಕಲ್ಲು ತರಬಹುದಾ?


ಗೋಣಿಕೊಪ್ಪ ಅಕ್ಕ · ಮೇ 14

ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲೇ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದ್ದಾರೆ. ಕಪ್ಪು ಹವಳ, ಬೀಸಣಿಗೆ ಹವಳ ಕೂಡ ಅದರಲ್ಲಿವೆ. ಸತ್ತ ತುಂಡು ಎತ್ತಿಕೊಂಡು ಬಂದರೂ ತಪ್ಪೇ. ಕಾನೂನು ಬದಿಗಿಡಿ, ಅಲ್ಲಿನ ನೇತ್ರಾಣಿ ದ್ವೀಪದ ಸುತ್ತ ಇರುವುದೇ ಸ್ವಲ್ಪ ಹವಳ. ಅದನ್ನು ನಮ್ಮ ಗಾಜಿನ ಪೆಟ್ಟಿಗೆಗೆ ತರುವ ಮನಸ್ಸು ಮಾಡಬಾರದು. ಮೇಲಾಗಿ ಸಮುದ್ರದ ಕಲ್ಲಿನಲ್ಲೇ ಇಂಥ ಅನಿಮೋನ್ ಬರುವುದು. ಒಣಗಿದ, ತಯಾರಿಸಿದ ಕಲ್ಲು ಸಿಗುತ್ತದೆ, ಅದನ್ನೇ ತನ್ನಿ.

ಮಜಾನೋ ಹಿಡಿದ ಕಲ್ಲು ಬೇರೆ ಇಟ್ಟು ಸಿಹಿನೀರಿನಲ್ಲಿ ಒಂದು ವಾರ ನೆನೆಸಿ, ನೀರು ಬದಲಿಸುತ್ತಿರಿ. ಮತ್ತೆ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮೇ ಮುಗಿಯುವ ಮೊದಲು ಮಾಡಿ, ಆಮೇಲೆ ಬಿಸಿಲು ಎಲ್ಲಿ? ಉಪ್ಪುನೀರನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ.


ಸುಂಟಿಕೊಪ್ಪ ರೀಫ್ · ಜೂನ್ 6

ಮಂಗಳೂರಿನಿಂದ ಪೆಪ್ಪರ್‌ಮಿಂಟ್ ಐದು ತಂದೆ. ಸಂಪಾಜೆ ಘಾಟಿಯಲ್ಲಿ ಮಳೆ, ಚಳಿ. ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ತಂದೆ. ಒಂದೂವರೆ ಗಂಟೆ ಹನಿ ಹನಿಯಾಗಿ ಟ್ಯಾಂಕಿನ ನೀರು ಬೆರೆಸಿ, ಲೈಟ್ ಆರಿಸಿ ಬಿಟ್ಟೆ. ಎಲ್ಲವೂ ಬದುಕಿವೆ.

ಸುಣ್ಣ ಹದಿನೇಳಕ್ಕೆ ಹಾಕಿದೆ, ದಿನಕ್ಕೆ ನಾಲ್ಕರಂತೆ. ಹದಿಮೂರು ಪೂರ್ತಿ ಕರಗಿ ಹೋದವು. ನಾಲ್ಕು ಮತ್ತೆ ಬಂದವು. ಆ ನಾಲ್ಕೂ ಕಲ್ಲಿನ ಸೀಳಿನೊಳಗೆ ಇದ್ದವೇ. ಅಲ್ಲಿ ಹಿಟ್ಟು ಪಾದದವರೆಗೆ ಹೋಗುವುದಿಲ್ಲ. ಒಂದಕ್ಕೆ ಅಂಟು ಹಾಕಿ ಸೀಳು ಮುಚ್ಚಿದೆ, ವಾರದ ಮೇಲೆ ಪಕ್ಕದಿಂದ ತಲೆ ಹಾಕಿತು.

ಊಟ ದಿನಕ್ಕೆ ಎರಡು ಸಲ ಇದ್ದದ್ದನ್ನು ಒಂದಕ್ಕೆ ಇಳಿಸಿದೆ.


ಗೋಣಿಕೊಪ್ಪ ಅಕ್ಕ · ಜೂನ್ 6

ಸೀಳಿನಲ್ಲಿರುವುದಕ್ಕೆ ನಿಂಬೆರಸ ನೋಡಿ. ಸೋಸಿದ ರಸ, ತೆಳು ಸೂಜಿ. ಸೂಜಿ ಒಳಗೆ ಚುಚ್ಚಿಯೇ ಹಾಕಬೇಕು, ಮೇಲೆ ಬಿಟ್ಟರೆ ಪ್ರಯೋಜನ ಇಲ್ಲ. ಸುಣ್ಣ ಹಾಕಿದ ದಿನ ನಿಂಬೆ ಬೇಡ.


ಸುಂಟಿಕೊಪ್ಪ ರೀಫ್ · ಜುಲೈ 21

ನಾಲ್ಕು ದಿನ ಕರೆಂಟ್ ಇರಲಿಲ್ಲ. ಮರ ಬಿದ್ದು ಲೈನ್ ಕಡಿದಿತ್ತು. ಇನ್ವರ್ಟರ್ ಮೊದಲ ರಾತ್ರಿಗೇ ಮುಗಿಯಿತು. ಬ್ಯಾಟರಿ ಏರ್‌ಪಂಪ್ ಎರಡು ಹಾಕಿ, ಟ್ಯಾಂಕಿಗೆ ಕಂಬಳಿ ಹೊದಿಸಿ, ಮೂರು ಗಂಟೆಗೊಮ್ಮೆ ಬಿಸಿನೀರಿನ ಬಾಟಲಿ ತೇಲಿಬಿಟ್ಟೆವು. ಅಮ್ಮ, ನಾನು ಸರದಿಯಲ್ಲಿ ಎದ್ದೆವು. 26 ಡಿಗ್ರಿ ಇದ್ದದ್ದು 21ಕ್ಕೆ ಇಳಿಯಿತು. ಲೆದರ್ ಕುಗ್ಗಿದೆ, ಒಂದು ಸಿಗಡಿ ಸತ್ತಿತು. ಐಪ್ಟೇಸಿಯಾ ಮಾತ್ರ ಹಾಗೇ ಅರಳಿಕೊಂಡಿತ್ತು. ಮನಸ್ಸಿಗೆ ತುಂಬ ಬೇಸರ ಆಯಿತು.


ಮೇಕೇರಿ ಮೇಷ್ಟ್ರು · ಜುಲೈ 21

ಲೆದರ್ ಮೈಮೇಲೆ ಪೊರೆ ಕಟ್ಟಿ ಕೆಲವು ದಿನ ಮುಚ್ಚಿಕೊಂಡಿದ್ದು ಮತ್ತೆ ಬಿಡಿಸಿಕೊಳ್ಳುತ್ತದೆ, ಸ್ವಲ್ಪ ಕಾಯಿರಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನನ್ನ ಮನೆಯಲ್ಲಿ ಒಂಬತ್ತು ದಿನ ಕರೆಂಟ್ ಇರಲಿಲ್ಲ. ಸುತ್ತ ಜನರೇ ಮನೆ ಕಳೆದುಕೊಂಡಿದ್ದರು, ಟ್ಯಾಂಕಿನ ಕಡೆ ಯಾರು ನೋಡುತ್ತಾರೆ? ವಾಪಸ್ ಬಂದು ನೋಡಿದಾಗ ಆ ಕೊಳೆತ ನೀರಿನಲ್ಲಿ ಬದುಕಿದ್ದದ್ದು ಐಪ್ಟೇಸಿಯಾ ಒಂದೇ.

ಈ ವಾರ ಸುಣ್ಣ, ನಿಂಬೆ ಯಾವುದೂ ಬೇಡ. ಮೊದಲು ನೀರು ಬದಲಿಸಿ, ಹವಳ ಸುಧಾರಿಸಲಿ.


ಸುಂಟಿಕೊಪ್ಪ ರೀಫ್ · ಆಗಸ್ಟ್ 24

ಲೆದರ್ ಪೊರೆ ಬಿಟ್ಟಿತು. ಕಲ್ಲಿನ ಮೇಲೆ ಈಗ ಒಂದೂ ಕಾಣುತ್ತಿಲ್ಲ. ಸಣ್ಣವೆಲ್ಲ ಸಿಗಡಿಯ ಕೆಲಸವೇ. ಆದರೆ ಹೊಸ ಮರಿ ಎಲ್ಲಿಂದಲೋ ಬರುತ್ತಲೇ ಇತ್ತು. ಮೊನ್ನೆ ಟ್ಯಾಂಕಿನಿಂದ ಸಂಪಿಗೆ ನೀರಿಳಿಯುವ ಓವರ್‌ಫ್ಲೋ ಪೈಪ್ ಬಿಚ್ಚಿದೆ. ಒಳಗೆ ಬೆಂಡಿನ ಹತ್ತಿರ ಹನ್ನೊಂದು ಕೂತಿದ್ದವು. ಬೆಳಕಿಲ್ಲದೆ ಬಣ್ಣ ಬಿಳಿಚಿಕೊಂಡು ಗಾಜಿನ ಹಾಗೆ ಇದ್ದವು.


ಗೋಣಿಕೊಪ್ಪ ಅಕ್ಕ · ಆಗಸ್ಟ್ 24

ಅಲ್ಲೇ ಇತ್ತು ನೋಡಿ ಬೀಜ! ಪೈಪನ್ನು ಸಿಹಿನೀರಿನಲ್ಲಿ ನೆನೆಸಿ, ಪೂರ್ತಿ ಒಣಗಿಸಿ ಹಾಕಿ. ಸಂಪ್, ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್, ಪಂಪಿನ ಒಳಗೂ ಟಾರ್ಚ್ ಬಿಟ್ಟು ನೋಡಿ.


ಸುಂಟಿಕೊಪ್ಪ ರೀಫ್ · ಆಗಸ್ಟ್ 31

ಹೊಸ ಪೈಪ್ ಹಾಕಿದೆ. ಹಳೆಯದನ್ನು ನೆನೆಸಿ, ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟಿದ್ದೇನೆ. ಪಂಪಿನ ಒಳಗೆ ಇನ್ನೂ ಎರಡು ಸಿಕ್ಕಿದವು.

ಇವತ್ತು ಬೆಳಿಗ್ಗೆ ಲೈಟ್ ಬಂದು ಅರ್ಧ ಗಂಟೆಗೆ ಜೋಆಂಥಿಡ್ ಬಾಯಿ ಬಿಟ್ಟಿತು. ಮೇ ತಿಂಗಳಿಂದ ಮುಚ್ಚಿದ್ದ ಆ ಮೂಲೆಯದ್ದೇ. ಇಪ್ಪತ್ತಮೂರು ಬಾಯಿ ಎಣಿಸಿದೆ.